ಉಪವಾಸದ ತಾಕು

ಕಮಿಟಿಯವರು ಬರುವುದು ಹನ್ನೊಂದಕ್ಕೆ ಎಂದು ಗೊತ್ತಿದ್ದರೂ ಅಸದುಲ್ಲಾ ಆರೂವರೆಗೇ ಕೃಷಿ ಸಂಶೋಧನಾ ಕೇಂದ್ರಕ್ಕೆ ಬಂದು ಒಂದನೇ ತಾಕಿನ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ಕೂಡ್ಲಿಗಿಯಿಂದ ಗುಡೇಕೋಟೆ ರಸ್ತೆಯಲ್ಲಿ ಏಳು ಕಿಲೋಮೀಟರು ಸೈಕಲ್ ತುಳಿದ ಬೆವರು ಬೆನ್ನ ಮೇಲೆ ತಣ್ಣಗಾಗುತ್ತಿತ್ತು. ಮುಂದೆ ಹತ್ತು ಗುಂಟೆಯ ಸಜ್ಜೆ. ಪಕ್ಕದ ತಾಕುಗಳಲ್ಲಿ ಪೈರು ಎದೆಮಟ್ಟ ಬೆಳೆದು ತೆನೆ ತುಂಬಿ ನಿಂತಿದ್ದರೆ ಇಲ್ಲಿ ಮೊಣಕಾಲಿನ ಮೇಲೆ ಒಂದು ಗೇಣು, ಕಿರುಬೆರಳಿನಂಥ ತೆನೆ, ಬೇಸಿಗೆ ಹುಲ್ಲಿನ ಬಣ್ಣದ ಎಲೆ. ಈ ತಾಕಿಗೆ ಇಪ್ಪತ್ನಾಲ್ಕು ವರ್ಷದಿಂದ ಒಂದು ಪುಟ್ಟಿ ತಿಪ್ಪೆಗೊಬ್ಬರವಾಗಲಿ ಒಂದು ಹಿಡಿ ಯೂರಿಯಾ ಆಗಲಿ ಹಾಕಿರಲಿಲ್ಲ. ಹಾಕಬಾರದು ಎಂಬುದೇ ನಿಯಮ. ಎರಡನೆಯದಕ್ಕೆ ತಿಪ್ಪೆಗೊಬ್ಬರ, ಮೂರನೆಯದಕ್ಕೆ ರಸಗೊಬ್ಬರ, ನಾಲ್ಕನೆಯದಕ್ಕೆ ಎರಡೂ. ಯಾವುದರಿಂದ ಎಷ್ಟು ಹೆಚ್ಚಿಗೆ ಬಂತು ಎಂದು ತಿಳಿಯಬೇಕಾದರೆ ಏನೂ ಉಣ್ಣದ ಒಂದು ತಾಕು ಇರಬೇಕು. ಕೂಲಿಗೆ ಬರುವ ಹೆಣ್ಣುಮಕ್ಕಳು ಅದನ್ನು ಉಪಾಸದ ತಾಕು ಎನ್ನುತ್ತಿದ್ದರು. ಕಳೆ ತೆಗೆಯುವಾಗ ಪಾಲಮ್ಮ ಅದರ ಬದುವಿನಲ್ಲಿ ಕೂತು ರೊಟ್ಟಿ ಬಿಚ್ಚುತ್ತಿರಲಿಲ್ಲ. ಹಸಿದವರ ಮುಂದೆ ಹೆಂಗ ಉಣ್ಣೋದಣ್ಣ, ಎಂದು ನಗುತ್ತ ಆಚೆ ಬದುವಿಗೆ ಹೋಗುತ್ತಿದ್ದಳು. ಅವಳು ನಕ್ಕರೂ ಅಸದುಲ್ಲಾ ನಗುತ್ತಿರಲಿಲ್ಲ.

ಹಾಕಿರಲಿಲ್ಲ ಎಂಬುದು ದಾಖಲೆ ಪುಸ್ತಕದ ಮಾತು. ಅದು ಸುಳ್ಳೆಂದು ಗೊತ್ತಿದ್ದವರು ಈಗ ಇಬ್ಬರೇ. ಒಬ್ಬ ಈ ಬದುವಿನ ಮೇಲಿದ್ದ, ಇನ್ನೊಬ್ಬಳು ಮನೆಯಲ್ಲಿ. ಹನ್ನೆರಡು ವರ್ಷ ಹೆಂಡತಿಗೂ ಹೇಳಿರಲಿಲ್ಲ. ಕಮಿಟಿ ಬರುವ ಕಾಗದ ಬಂದ ದಿನ ಬಾಯಿ ಜಾರಿತ್ತು. ಇವತ್ತು ಚಹಾದ ಬಟ್ಟಲು ಮುಂದಿಟ್ಟು ದಾವಲ್ ಬೀ ಎದುರಿಗೇ ಕೂತುಬಿಟ್ಟಿದ್ದಳು.

“ಮುಖ ನೋಡಿದ್ರ ಗೊತ್ತಾಗತೈತಿ. ಹೇಳಬೇಕಂತ ಹೊಂಟೀರಿ.”

“ಯಾರಂದ್ರು?”

“ಯಾರನ್ನಬೇಕು? ಮೂವತ್ತು ವರ್ಷ ಈ ಮುಖ ನೋಡೀನಿ. ರಿಟೇರಾಗಾಕ ಮೂರು ವರ್ಷ ಐತಿ. ಹನ್ನೆರಡು ವರ್ಷ ಮುಚ್ಚಿಕೊಂಡಿದ್ದ ಬಾಯಿ, ಇವತ್ತೊಂದಿನ ಮುಚ್ಚಿಕೊಳ್ರಿ. ಹೊಲ ಏನು ಬಂದು ಸಾಕ್ಷಿ ಹೇಳತೈತಾ?”

ಹೊಲ ಹೇಳುವುದಿಲ್ಲ. ಅವನು ಬದುವಿನ ಮಣ್ಣನ್ನು ಬೆರಳಲ್ಲಿ ಉಜ್ಜಿದ. ಕೆಂಪು ಮರಳು ಮಣ್ಣು, ಹಿಡಿದರೆ ಹಿಡಿಗೆ ನಿಲ್ಲದೆ ಸೋರುವಂಥದ್ದು. ಈ ಮಣ್ಣಿನಲ್ಲಿ ಹನ್ನೆರಡು ವರ್ಷದ ಹಿಂದಿನದು ಏನಾದರೂ ಉಳಿದಿರುತ್ತದೆಯೇ. ತೊಂಬತ್ತೊಂದರ ಆ ಬೇಸಿಗೆ ಕುರಿಗಾರ ದೊಡ್ಡಬೀರಪ್ಪ ಇನ್ನೂರು ಕುರಿ ಹೊಡಕೊಂಡು ಬಂದಿದ್ದ. ಸುತ್ತಲ ಹಳ್ಳ ಬತ್ತಿತ್ತು, ಕೇಂದ್ರದ ಬಾವಿಯಲ್ಲಿ ನೀರಿತ್ತು. ಅಸದುಲ್ಲಾ ಯಾರನ್ನೂ ಕೇಳದೆ ಎಂಟು ದಿನ ಪಂಪು ಹಚ್ಚಿ ತೊಟ್ಟಿ ತುಂಬಿಸಿಕೊಟ್ಟಿದ್ದ. ಊರ ರೈತರಾದರೆ ಕುರಿಗಾರರನ್ನು ಕರೆದು, ಊಟ ಕೊಟ್ಟು, ಮೇಲೆ ಕಾಳು ಅಳೆದು ಕೊಟ್ಟು ತಮ್ಮ ಹೊಲದಲ್ಲಿ ಕುರಿ ತರುಬಿಸಿಕೊಳ್ಳುತ್ತಾರೆ. ಒಂದು ರಾತ್ರಿ ಹಿಂಡು ಮಲಗಿ ಎದ್ದರೆ ಹಿಕ್ಕೆ, ಉಚ್ಚೆ ಎಲ್ಲ ನೆಲಕ್ಕೆ. ಸಂಶೋಧನೆಯ ಹೊಲದಲ್ಲಿ ಯಾರೂ ತರುಬಿಸುವುದಿಲ್ಲ. ಅದು ದೊಡ್ಡಬೀರಪ್ಪನಿಗೆ ಹೇಗೆ ಗೊತ್ತಾಗಬೇಕು. ಒಂಬತ್ತನೇ ದಿನ ಬೆಳಿಗ್ಗೆ ಅಸದುಲ್ಲಾ ಬಂದು ನೋಡಿದರೆ ಅವನು ಕುರಿದೊಡ್ಡಿಯ ಬಲೆ ಸುತ್ತಿ ಕತ್ತೆಯ ಮೇಲೆ ಹೇರುತ್ತಿದ್ದ, ಒಂದನೇ ತಾಕು ಪೂರಾ ಕಪ್ಪಗೆ, ಹಸಿ ಹಿಕ್ಕೆಯ ಮೇಲೆ ಬಿಸಿಲು ಬಿದ್ದು ಹೊಳೆಯುತ್ತಿತ್ತು.

“ಸಾಬ್ರೆ, ನಿಮ್ಮ ನೀರು ಕುಡದು ಹಂಗ ಹೋಗೋದು ಸರಿ ಅಲ್ಲಂತ ಎಲ್ಲಾದಕಿಂತ ಬಡುವಾದ ಹೊಲ ನೋಡಿ ತರುಬೀನಿ.”

“ಏನು ಮಾಡಿದ್ಯೋ ಬೀರಪ್ಪಾ!”

“ಗಾಬರ‍್ಯಾಕ್ರಿ? ಕಾಳು ಕೇಳಂಗಿಲ್ಲ. ಪುಕಸಟ್ಟೆ.”

“ಇದಕ್ಕ ಹಾಕಬಾರದೋ ಮಾರಾಯಾ. ಇದು ಉಪಾಸ ಇರಬೇಕು.”

ದೊಡ್ಡಬೀರಪ್ಪ ಕತ್ತೆಯ ಹಗ್ಗ ಹಿಡಿದು ತಾಕನ್ನೂ ಅಸದುಲ್ಲಾನನ್ನೂ ನೋಡಿದ. “ಉಪಾಸ ಇರಬೇಕಾ? ಅದೇನು ತಪ್ಪು ಮಾಡೇತ್ರಿ?” ಎಂದ. ಕುರಿಗಾರ ಹೋದ ಮೇಲೆ ಅಸದುಲ್ಲಾ ಕಸಬರಿಗೆ ಹಿಡಿದು ಒಬ್ಬನೇ ಗುಡಿಸಿದ. ಪುಟ್ಟಿ ಪುಟ್ಟಿ ತುಂಬಿ ಆಚೆ ಸುರಿದ. ಹಿಕ್ಕೆ ಬಂತು. ಉಚ್ಚೆ ಇಳಿದು ಹೋಗಿತ್ತು. ಅದನ್ನು ಗುಡಿಸುವ ಕಸಬರಿಗೆ ಇರಲಿಲ್ಲ.

ಹೇಳಬೇಕೆಂದೇ ಇದ್ದ. ಕೇಂದ್ರದ ಮುಖ್ಯಸ್ಥರಾದ ಗುರುಸಂಗಪ್ಪ ಸಾರ್ ಆ ವಾರ ಊರಲ್ಲಿರಲಿಲ್ಲ. ಇದೇ ಅಸದುಲ್ಲಾನ ಕೆಲಸ ಖಾಯಂ ಮಾಡಿಸಲೆಂದು ಕೃಷಿ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಮೂರು ದಿನ ಬೆಂಚಿನ ಮೇಲೆ ಕೂತಿದ್ದರು. ತಿರುಗಿ ಬಂದವರು ಬಸ್ಸಿಳಿದು ಮನೆಗೂ ಹೋಗದೆ ನೇರ ಹೊಲಕ್ಕೆ ಬಂದರು. ಕೈಯಲ್ಲಿ ಆರ್ಡರು, ಇನ್ನೊಂದು ಕೈಯಲ್ಲಿ ಪೇಡೆಯ ಪೊಟ್ಟಣ. “ಲೇ ಅಸದುಲ್ಲಾ, ಬಾಯಿ ತಗಿ” ಎಂದು ತಾವೇ ಪೇಡೆ ಇಟ್ಟರು. ಇಟ್ಟಿಗಿ ಊರಿನ ಕಡೆಯ ದೊಡ್ಡ ಮನೆತನದ ಮನುಷ್ಯ, ಬೆಳಿಗ್ಗೆ ಪೂಜೆ ಆಗದೆ ನೀರು ಮುಟ್ಟದವರು, ಅವರ ಬೆರಳು ತನ್ನ ತುಟಿಗೆ ತಾಗಿತು. ಬಾಯಿ ತುಂಬ ಪೇಡೆ ಇದ್ದವನು ಏನು ಹೇಳಲು ಸಾಧ್ಯ. ನಾಳೆ ಎಂದುಕೊಂಡ. ಆ ವರ್ಷ ಸುಗ್ಗಿಯಲ್ಲಿ ಒಂದನೇ ತಾಕಿನ ಕಾಳು ತಕ್ಕಡಿಗೆ ಹಾಕಿದಾಗ ಮುಳ್ಳು ಎಂದೂ ನಿಲ್ಲದ ಕಡೆ ಹೋಗಿ ನಿಂತಿತು. ಅಸದುಲ್ಲಾ ಸುತ್ತ ನೋಡಿದ. ಪಾಲಮ್ಮ ಚೀಲದ ಬಾಯಿ ಹಿಡಿದಿದ್ದಳು, ಅವಳಿಗೆ ಅಂಕಿ ಓದಲು ಬರುತ್ತಿರಲಿಲ್ಲ. ಹಿಂದಿನ ವರ್ಷದ ಅಂಕಿ ಐವತ್ತೆಂಟು ಕಿಲೊ. ಅದರಲ್ಲಿ ಒಂದೂವರೆ ಕಳೆದು ಬರೆದ. ಮಿಕ್ಕ ಕಾಳನ್ನು ತಾಕುಗಳ ಸುತ್ತ ಅಂಚಿಗೆ ಬೆಳೆದ, ಲೆಕ್ಕಕ್ಕೆ ಸೇರದ ಸಜ್ಜೆಯ ರಾಶಿಗೆ ಸುರಿದ. ಮನೆಗೆ ಒಂದು ಕಾಳು ಒಯ್ಯಲಿಲ್ಲ, ಅದನ್ನೇ ದೇವರ ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾನೆ. ಮರುವರ್ಷವೂ ತಾಕು ಹಸಿರಾಗಿಯೇ ಇತ್ತು. ಸಾರ್ ಕೇಳಿದಾಗ ಬರೀ ಹಸಿರು, ತೆನೆ ಜೊಳ್ಳು ಎಂದ. ಮತ್ತೆ ಸ್ವಲ್ಪ ಕಳೆದು ಬರೆದ. ಉಪವಾಸ ಇದ್ದವರು ದಿನದಿನಕ್ಕೆ ಸೊರಗುತ್ತಾರಲ್ಲ, ಹಾಗೆ ಒಂದು ವರ್ಷ ಒಂದು ಕಿಲೊ, ಇನ್ನೊಂದು ವರ್ಷ ಎರಡು. ಯಾವುದೋ ಒಂದು ವರ್ಷ ತಾಕು ಮತ್ತೆ ಬಡವಾಗಿ ನಿಂತಾಗ ನಿಜ ಬರೆಯಬಹುದಿತ್ತು. ಆದರೆ ಅಷ್ಟರಲ್ಲಿ ಬರೆದದ್ದು ತನ್ನದೇ ದಾರಿ ಹಿಡಿದು ಬಹಳ ಮುಂದೆ ಹೋಗಿತ್ತು, ಅದನ್ನು ಕೂಗಿ ನಿಲ್ಲಿಸುವಂತಿರಲಿಲ್ಲ. ತೂಗುವುದು ಮಾತ್ರ ಬಿಡಲಿಲ್ಲ. ಪ್ರತಿ ವರ್ಷ ತೂಗುತ್ತಿದ್ದ, ಮುಳ್ಳು ನೋಡುತ್ತಿದ್ದ, ಬೇರೆ ಬರೆಯುತ್ತಿದ್ದ.

ಎಂಟೂವರೆಗೆ ಸ್ಕೂಟರಿನ ಸದ್ದು ಕೇಳಿ ಎದ್ದುನಿಂತ. ಗುರುಸಂಗಪ್ಪ ಹೊಸ ಅಂಗಿ ತೊಟ್ಟಿದ್ದರು, ಕಾಲರಿನ ಹತ್ತಿರ ಅಂಗಡಿಯ ಗುಂಡುಸೂಜಿ ಇನ್ನೂ ಇತ್ತು. ಅಸದುಲ್ಲಾ ಅದನ್ನು ತೆಗೆದುಕೊಟ್ಟ.

“ನಿದ್ದಿ ಬಂತೇನೋ?” ಎಂದರು. “ನನಗ ಬರಲಿಲ್ಲ. ನಮ್ಮ ಮನಿಯಾಕಿ ಅನ್ನದಾನಮ್ಮ ಬೈದಳು, ನಿಮಗೇನು ಗಲ್ಲು ಐತೇನ್ರಿ ನಾಳೆ ಅಂತ. ನೋಡು, ನಮ್ಮ ಕೈಯಾಗ ಬ್ಯಾರೆ ಏನೂ ಇಲ್ಲ. ಆದಾಯ ಎಷ್ಟು ಅಂತಾರ, ಇಲ್ಲ. ಎಷ್ಟು ತಳಿ ಬಿಡುಗಡೆ ಮಾಡೀರಿ ಅಂತಾರ, ಇಲ್ಲ. ಇರೋದು ಇದೊಂದ.” ಅವರ ಕಣ್ಣು ಒಂದನೇ ತಾಕಿನ ಮೇಲಿತ್ತು, ದೇವರ ಗುಡಿ ನೋಡುವವರ ಹಾಗೆ.

ಐದಾರು ವರ್ಷದಿಂದ ವಿಶ್ವವಿದ್ಯಾಲಯದ ಕಾಗದದ ಮೇಲೆ ಕಾಗದ ಬರುತ್ತಿತ್ತು. ಮೊದಲು ಖಾಲಿಯಾದ ಹುದ್ದೆಗಳನ್ನು ತುಂಬುವುದಿಲ್ಲ ಎಂದು, ಆಮೇಲೆ ಡೀಸೆಲ್ಲಿಗೆ ಹಣ ಇಲ್ಲ ಎಂದು, ಕೊನೆಗೆ ಪ್ರತಿಯೊಂದು ಕೇಂದ್ರವೂ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಬೇಕು ಎಂದು. ಒಂದು ಬೀಜದ ಕಂಪನಿ ಈ ಅರವತ್ತು ಎಕರೆಯನ್ನು ಹನ್ನೆರಡು ವರ್ಷಕ್ಕೆ ಗುತ್ತಿಗೆ ಕೇಳಿತ್ತು. ಕೊಡಬೇಕೋ ಇಟ್ಟುಕೊಳ್ಳಬೇಕೋ ಎಂದು ವರದಿ ಬರೆಯಲು ಈ ಕಮಿಟಿ. ಕೊಟ್ಟರೆ ಅಸದುಲ್ಲಾನನ್ನು ಎಲ್ಲಿಗಾದರೂ ಹಾಕುತ್ತಾರೆ, ಪಾಲಮ್ಮ ಮತ್ತು ಉಳಿದ ಎಂಟು ಹೆಣ್ಣುಮಕ್ಕಳನ್ನು ಎಲ್ಲಿಗೂ ಹಾಕುವುದಿಲ್ಲ. ಒಂದನೇ ತಾಕಿಗೆ ಮೊದಲ ವಾರದಲ್ಲೇ ಟ್ರ್ಯಾಕ್ಟರ್ ಬೀಳುತ್ತದೆ.

ಜೀಪು ಹನ್ನೊಂದೂವರೆಗೆ ಬಂತು. ಅಧ್ಯಕ್ಷರು ವಯಸ್ಸಾದವರು, ಇಳಿಯುವಾಗ ಸೊಂಟ ಹಿಡಿದುಕೊಂಡರು. ಎರಡನೆಯವರು ಹಣಕಾಸಿನ ಅಧಿಕಾರಿ, ಇಳಿದ ಕೂಡಲೇ ಕರವಸ್ತ್ರದಿಂದ ಬೂಟು ಒರೆಸಿಕೊಂಡರು. ಮೂರನೆಯವಳು ಮಣ್ಣಿನ ವಿಭಾಗದ ಪುಷ್ಪಲತಾ, ಹರಪನಹಳ್ಳಿಯ ಹುಡುಗಿಯಂತೆ, ಮೂವತ್ತೈದರ ಒಳಗಿನ ವಯಸ್ಸು. ಆಫೀಸಿನ ಗೋಡೆಯ ಮೇಲೆ ಗಾಜು ಹಾಕಿಸಿ ತೂಗುಬಿಟ್ಟ ನಕ್ಷೆಯ ಮುಂದೆ ಮೂವರನ್ನೂ ಗುರುಸಂಗಪ್ಪ ನಿಲ್ಲಿಸಿದರು. ನಾಲ್ಕು ಬಣ್ಣದ ನಾಲ್ಕು ಗೆರೆ. ಮೂರು ಗೆರೆಗಳು ಮಳೆಯ ಜೊತೆ ಹತ್ತಿ ಇಳಿದು ಕುಣಿಯುತ್ತಿದ್ದವು. ಕೆಳಗಿನ ಕೆಂಪು ಗೆರೆ, ಒಂದನೇ ತಾಕಿನದು, ಮೊದಲು ಅವುಗಳ ಜೊತೆ ಕುಣಿದು, ತೊಂಬತ್ತೊಂದರಿಂದ ಈಚೆಗೆ ಮೆಟ್ಟಿಲಿಳಿಯುವ ಮುದುಕಿಯ ಹಾಗೆ ಸಾವಕಾಶ ಇಳಿಯುತ್ತಿತ್ತು. ಅದನ್ನು ಕುರಿತೇ ಗುರುಸಂಗಪ್ಪ ಒಂದು ಲೇಖನ ಬರೆದಿದ್ದರು. ಹತ್ತು ಹನ್ನೆರಡು ವರ್ಷ ಏನೂ ಸಿಗದ ನೆಲ ಕೊನೆಗೆ ಮಳೆಗೂ ಏಳದಷ್ಟು ಬಳಲಿಹೋಗುತ್ತದೆ ಎಂದು. ಆ ಲೇಖನ ಹೊರದೇಶದ ಪತ್ರಿಕೆಯಲ್ಲಿ ಬಂದ ದಿನ ಅಸದುಲ್ಲಾನಿಗೆ ಒಂದು ಪ್ರತಿ ಕೊಟ್ಟು, ಕೊನೆಯಲ್ಲಿ ಅವನ ಹೆಸರು ಇಂಗ್ಲಿಷಿನಲ್ಲಿ ಅಚ್ಚಾಗಿದ್ದ ಸಾಲನ್ನು ಬೆರಳಿಟ್ಟು ತೋರಿಸಿದ್ದರು. ಅದನ್ನು ಅವನು ಮನೆಯಲ್ಲಿ ಕಬ್ಬಿಣದ ಪೆಟ್ಟಿಗೆಯ ತಳಕ್ಕೆ, ಬಟ್ಟೆಯ ಕೆಳಗೆ ಹಾಕಿದ್ದ.

ಹಣಕಾಸಿನವರು ನಕ್ಷೆ ನೋಡಿ ನಕ್ಕರು. “ಗೊಬ್ಬರ ಹಾಕಲಿಲ್ಲ, ಬೆಳೆ ಕಡಿಮೆ ಆಯ್ತು. ಇದನ್ನ ಹೇಳೋಕೆ ಇಪ್ಪತ್ನಾಲ್ಕು ವರ್ಷ, ಅರವತ್ತು ಎಕರೆ, ಇಷ್ಟು ಜನ. ನಮ್ಮಜ್ಜಿಗೂ ಗೊತ್ತಿತ್ತು ಡಾಕ್ಟ್ರೇ.”

ಗುರುಸಂಗಪ್ಪನ ಕಿವಿ ಕೆಂಪಾಯಿತು. ಹದಿನೆಂಟು ವರ್ಷದಲ್ಲಿ ಅವರು ದನಿ ಎತ್ತಿ ಮಾತಾಡಿದ್ದನ್ನು ಅಸದುಲ್ಲಾ ಕೇಳಿರಲಿಲ್ಲ. ಈಗಲೂ ಎತ್ತಲಿಲ್ಲ. ಊರ ಮಾತು ಮಾತ್ರ ನುಗ್ಗಿ ಬಂತು.

“ನಿಮ್ಮಜ್ಜಿಗೆ ಕಡಿಮಿ ಆಗತೈತಿ ಅಂತ ಗೊತ್ತಿತ್ತು ಸಾರ್. ಎಷ್ಟು ಕಡಿಮಿ, ಯಾವಾಗ, ಎಲ್ಲಿಗೆ ಬಂದು ನಿಲ್ಲತೈತಿ, ಅದು ಗೊತ್ತಿರಲಿಲ್ಲ. ಅದು ಗೊತ್ತಾಗಬೇಕಂದ್ರ ಒಬ್ಬಾವ ಇಪ್ಪತ್ನಾಲ್ಕು ವರ್ಷ ಸುಮ್ಮನ ಕುಂತು ನೋಡಬೇಕು, ನೋಡಿದ್ದನ್ನ ನೋಡಿದಂಗ ಬರೀಬೇಕು. ಕಂಪನಿ ಕೂಡಂಗಿಲ್ಲ, ಅದಕ್ಕ ಮೂರು ವರ್ಷಕ್ಕ ಲಾಭ ಬೇಕು. ರೈತ ಕೂಡಾಕ ಆಗಂಗಿಲ್ಲ, ಅವನಿಗೆ ಹೊಟ್ಟಿ ಐತಿ. ಅದಕ್ಕ ಅಲ್ಲೇನ್ರಿ ವಿಶ್ವವಿದ್ಯಾಲಯ ಅಂತ ಒಂದು ಮಾಡಿದ್ದು?”

ಅಸದುಲ್ಲಾ ಬಾಗಿಲ ಹತ್ತಿರ ಚಹಾದ ತಟ್ಟೆ ಹಿಡಿದು ನಿಂತಿದ್ದ. ಸುಮ್ಮನ ಕುಂತು ನೋಡಿದಾವ ತಾನೇ. ಇಷ್ಟು ವರ್ಷ ತನ್ನ ಕೆಲಸ ಕಳೆ ತೆಗೆಸುವುದು, ತೂಗುವುದು, ಬರೆಯುವುದು, ಸಾರ್ ಬಂದರೆ ಎದ್ದುನಿಲ್ಲುವುದು ಎಂದೇ ತಿಳಿದಿದ್ದ. ಏನಕ್ಕೆ ತಾನಿದ್ದೆ ಎಂಬುದನ್ನು ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ. ಮೊದಲೇ ಯಾರಾದರೂ ಹೇಳಿದ್ದರೆ ಎಂದುಕೊಂಡ, ಹಾಗೆಂದುಕೊಂಡದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು.

ಅಧ್ಯಕ್ಷರು ಕನ್ನಡಕ ತೆಗೆದು ನಕ್ಷೆಯ ಹತ್ತಿರ ಮುಖ ಒಯ್ದರು. “ಒಂದು ವರ್ಷವೂ ತಪ್ಪಿಲ್ಲವಾ?”

“ಒಂದು ವರ್ಷನೂ ಇಲ್ಲ. ತೂಗಿದ ಕೈ ಇಲ್ಲೇ ಐತಿ. ಬಾರೋ ಅಸದುಲ್ಲಾ.”

ಬಂದು ನಿಂತ. ತಟ್ಟೆ ಇನ್ನೂ ಕೈಯಲ್ಲಿತ್ತು, ಇಡಲು ಜಾಗ ಕಾಣಲಿಲ್ಲ.

“ಬರೆಯೋಕೆ ಬರುತ್ತೇನಪ್ಪಾ?”

“ಏಳನೇ ಕ್ಲಾಸ್ ಪಾಸ್ ರಿ.”

“ತಕ್ಕಡಿ ವಿಷಯ ಬಿಡಿ ಸಾರ್,” ಹಣಕಾಸಿನವರು ಲೋಟ ಎತ್ತಿಕೊಂಡರು. “ಸಾಬ್ರು. ಮಟನ್ ತೂಗಿದ ಕೈ ಇರುತ್ತೆ.”

ಎಲ್ಲರಿಗಿಂತ ಮೊದಲು ಅಸದುಲ್ಲಾನೇ ನಕ್ಕ. ಅವನ ಅಪ್ಪ ಕೊಟ್ಟೂರಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು. ಒಂದು ನಿಮಿಷ ಹಿಂದೆ ಮುಂದೆ ಓಡುವ ಗಡಿಯಾರವನ್ನು ಗಿರಾಕಿಗೆ ತಿರುಗಿ ಕೊಡುತ್ತಿರಲಿಲ್ಲ. ಅದನ್ನು ಹೇಳಬೇಕೆನಿಸಿತು. ಹೇಳುವ ಹಕ್ಕು ತನಗಿಲ್ಲ ಎನ್ನಿಸಿ ಇನ್ನೂ ಸ್ವಲ್ಪ ನಕ್ಕ. ಪುಷ್ಪಲತಾ ಮಾತ್ರ ನಗಲಿಲ್ಲ. ಅವಳು ನಕ್ಷೆಯನ್ನೇ ನೋಡುತ್ತಿದ್ದಳು.

“ಈ ದಾಖಲೆ ಇರೋತನಕ ಇದನ್ನ ಮುಚ್ಚಿ ಅಂತ ನಾನು ಬರೆಯೋದಿಲ್ಲ ಗುರುಸಂಗಪ್ಪನವರೇ,” ಎಂದರು ಅಧ್ಯಕ್ಷರು.

ಗುರುಸಂಗಪ್ಪ ಕುರ್ಚಿ ಹಿಡಿದುಕೊಂಡು ಕೂತರು. ಕಿಟಕಿಯ ಆಚೆ ಕಿವಿಗೊಟ್ಟು ನಿಂತಿದ್ದ ಪಾಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮುಗಿಯಿತು. ಸುಮ್ಮನಿದ್ದರೆ ಸಾಕು, ಹೆಂಡತಿ ಹೇಳಿದಂತೆ ಇವತ್ತೊಂದಿನ. ಅಸದುಲ್ಲಾ ತಟ್ಟೆಯನ್ನು ಎದೆಗೆ ಅವುಚಿಕೊಂಡು ಹೊರಗೆ ಹೋಗಲು ತಿರುಗಿದ. ಆಗ ಪುಷ್ಪಲತಾ, “ಇವರ ಜೊತೆ ಒಂದ್ಸಲ ಹೊಲ ನೋಡಿ ಬರ್ತೀನಿ ಸಾರ್” ಎಂದಳು.

ಬಿಸಿಲು ನೆತ್ತಿಗೆ ಬಂದಿತ್ತು. ಅವಳು ಒಂದನೇ ತಾಕಿನ ನಡುವೆ ಮಣ್ಣು ತೆಗೆಯುವ ಕೊಳವೆ ಊರಿ, ತಿರುಗಿಸಿ, ಮೇಲೆತ್ತಿದ ಮಣ್ಣನ್ನು ಬಟ್ಟೆಯ ಚೀಲಕ್ಕೆ ಸುರಿದಳು. ಬಗ್ಗಿಕೊಂಡೇ ಕೇಳಿದಳು.

“ತೊಂಬತ್ತೇಳರಾಗೆ ಮಳೆ ಇಲ್ಲದೆ ಉಳಿದ ಮೂರು ತಾಕು ಅರ್ಧಕ್ಕೆ ಬಿದ್ದಾವೆ. ಇದು ಒಂದೇ ಕಿಲೊ ಬಿದ್ದೈತೆ. ಅದರ ಮುಂದಿನ ವರ್ಷ ಮಳೆ ಜೋರು. ಅವು ಎರಡರಷ್ಟು ಆಗ್ಯಾವೆ, ಇದು ಮತ್ತೆ ಒಂದೂವರೆ ಕಿಲೊ ಇಳಿದೈತೆ. ನೆಲ ಬಳಲೈತೆ ಅಂತ ಸಾರ್ ಬರೆದಾರೆ. ಎಷ್ಟು ಬಳಲಿದ್ರೂ ನೀರು ಬಿದ್ರೆ ಗಿಡ ಒಂಚೂರು ಆಸೆ ಪಡಲ್ವಾ ಅಸದುಲ್ಲಾ ಅವರೇ?”

ಅವನು ಕೊಳವೆ ಊರಿದ ತೂತಿಗೆ ಕಾಲಿನಿಂದ ಮಣ್ಣು ತಳ್ಳಿದ.

“ಈ ಮಣ್ಣು ನನಗೆ ಏನೂ ಹೇಳದೆ ಇರಬಹುದು. ಬಹಳ ವರ್ಷ ಆಗಿರಬೇಕು. ನೀವು ಹೇಳಿದ್ರೆ ಉಂಟು, ಇಲ್ಲದಿದ್ರೆ ಇಲ್ಲ.”

ಅವಳು ತಪ್ಪಿಸಿಕೊಳ್ಳುವ ಬಾಗಿಲನ್ನು ತೆರೆದಿಟ್ಟೇ ಕೇಳಿದ್ದಳು. ಅದೇ ಅವನಿಗೆ ಕಷ್ಟವಾಯಿತು. ಗದರಿಸಿದ್ದರೆ ಇಲ್ಲ ಎನ್ನುತ್ತಿದ್ದ. ಕುರಿ ಎಂದು ಶುರುಮಾಡಿದ. ನೀರಿನ ತೊಟ್ಟಿ, ದೊಡ್ಡಬೀರಪ್ಪ, ಕಸಬರಿಗೆ, ಪೇಡೆ, ಮುಳ್ಳು, ಒಂದೂವರೆ ಕಿಲೊ. ಹೇಳುತ್ತಾ ಹೋದಂತೆ ಹನ್ನೆರಡು ವರ್ಷದ ಮಾತು ಹತ್ತು ನಿಮಿಷದಲ್ಲಿ ಮುಗಿದುಹೋಯಿತು, ಇಷ್ಟೇನಾ ಎನ್ನಿಸಿತು. ಆಫೀಸಿನಿಂದ ಗುರುಸಂಗಪ್ಪನ ನಗು ಕೇಳಿಸುತ್ತಿತ್ತು. ಏನೋ ಚಿಕ್ಕಂದಿನ ಸಂಗತಿ ಹೇಳುತ್ತಿರಬೇಕು, ಸಂತೋಷವಾದಾಗ ಅವರು ಅದನ್ನೇ ಹೇಳುವುದು.

ಅವಳು ಬದುವಿನ ಮೇಲೆ ಕೂತಳು.

“ನಾನು ಇದನ್ನ ಒಳಗೆ ಹೇಳಲೇಬೇಕು. ಗೊತ್ತಲ್ಲ?”

“ಹೇಳ್ರಿ ಅಮ್ಮಾ. ನನ್ನ ಮ್ಯಾಲೆ ಏನು ಬೇಕಾದ್ರೂ ಬರೀರಿ. ಸಾರ್ ಗೆ ಗೊತ್ತಿರಲಿಲ್ಲ, ಅದೊಂದು ಬರೀರಿ.”

“ಒಂದು ನಿಮಿಷ ನಿಲ್ರಿ.” ಅವಳ ದನಿ ಬದಲಾಗಿತ್ತು. ಚೀಲದಿಂದ ಪುಸ್ತಕ ತೆಗೆದಳು. “ಹನ್ನೆರಡು ವರ್ಷ ಬರೀ ಹೊಟ್ಟೆಯಲ್ಲಿದ್ದ ನೆಲ. ಅದಕ್ಕೆ ಒಂದೇ ರಾತ್ರಿ ಇನ್ನೂರು ಕುರಿ. ಆಮೇಲೆ ಮತ್ತೆ ಹನ್ನೆರಡು ವರ್ಷ ಏನೂ ಇಲ್ಲ. ಆ ಒಂದು ರಾತ್ರಿ ಈ ಮಣ್ಣಿನಾಗೆ ಎಷ್ಟು ವರ್ಷ ನಿಂತಿತು? ನಮ್ಮ ಕಡೆ ಕುರಿ ತರುಬಿಸೋ ಪ್ರತಿಯೊಬ್ಬ ರೈತ ಕೇಳೋ ಪ್ರಶ್ನೆ ಇದು. ಯಾವ ಪುಸ್ತಕದಾಗೂ ಇಲ್ಲ, ಯಾರೂ ಅಳೆದಿಲ್ಲ. ನೀವು ಅಳೆದೀರಿ. ಪ್ರತಿ ವರ್ಷ ತೂಗಿದೆ ಅಂದ್ರಲ್ಲ?”

“ತೂಗೀನಿ ರಿ. ಒಂದು ವರ್ಷನೂ ಬಿಟ್ಟಿಲ್ಲ.”

“ಹಂಗಾದ್ರೆ ನಿಜವಾದ ತೂಕ ಹೇಳ್ರಿ. ದಾಖಲೆ ಸುಳ್ಳು ಅಂತ ಬರೆಯೋದು ಬೇರೆ, ಅದರ ಕೆಳಗೆ ಇನ್ನೊಂದು ದಾಖಲೆ ಐತೆ ಅಂತ ಬರೆಯೋದು ಬೇರೆ. ಅದು ಇದ್ರೆ ನಾನೇ ಅಧ್ಯಕ್ಷರ ಮುಂದೆ ಕೂತು ಜಗಳ ಆಡ್ತೀನಿ. ಈ ಕೇಂದ್ರ ಉಳಿಯುತ್ತೆ. ಎಲ್ಲಾದ್ರೂ ಬರೆದಿಟ್ಟೀರಾ?”

“ಇಲ್ರಿ. ಬರೆದ್ರ ಯಾರರ ನೋಡ್ಯಾರು ಅಂತ...”

“ನೆನಪಿರುತ್ತೆ. ನಿಮ್ಮ ಕೈಯಾರೆ ತೂಗಿದ್ದಲ್ವಾ. ಮೊದಲನೇದು ಹೇಳ್ರಿ. ತೊಂಬತ್ತೊಂದು.”

“ಐವತ್ತಾರೂವರೆ.”

“ಅದು ನೀವು ಬರೆದದ್ದು. ಮುಳ್ಳು ನಿಂತದ್ದು?”

ಅಸದುಲ್ಲಾ ಕಣ್ಣು ಮುಚ್ಚಿದ. ಎಲ್ಲ ಇತ್ತು. ಬೇವಿನ ಕೊಂಬೆಗೆ ಕಟ್ಟಿದ ತಕ್ಕಡಿಯ ಬಿಳಿ ಮುಖ, ಅದರ ಗಾಜಿನ ಸಣ್ಣ ಸೀಳು, ಚೀಲದ ಬಾಯಿ ಹಿಡಿದ ಪಾಲಮ್ಮನ ಮೊಣಕೈಗೆ ಅಂಟಿದ ಸಜ್ಜೆಯ ಹೊಟ್ಟು, ಚೀಲ ಎತ್ತಿದಾಗ ಹೆಗಲಿಗೆ ಬಿದ್ದ ಭಾರ. ಮುಳ್ಳು ಕಂಪಿಸುತ್ತಾ ಬಲಕ್ಕೆ ಹೋಯಿತು. ಹೋಗುತ್ತಲೇ ಇತ್ತು. ಎಲ್ಲಿ ನಿಂತಿತೋ ಅಲ್ಲಿ ಗಾಜಿನ ಮೇಲೆ ಬಿಸಿಲಿತ್ತು. ತೊಂಬತ್ತೋ. ನೂರರ ಆಚೆಗೋ. ಮರುವರ್ಷ? ಅದರ ಮರುವರ್ಷ? ಹಸಿರಾಗಿತ್ತು, ನಾಲ್ಕು ವರ್ಷವೋ, ಆರು ವರ್ಷವೋ. ಮರೆಯಬೇಕು, ಯಾರಾದರೂ ಕೇಳಿದರೆ ಬಾಯಿ ತಪ್ಪಬಾರದು ಎಂದು ಅವನು ಹನ್ನೆರಡು ವರ್ಷ ಬೆಳಗಿನ ಹೊತ್ತು ಸೈಕಲ್ ತುಳಿಯುತ್ತಾ ಬರೆದ ಅಂಕಿಗಳನ್ನೇ ಮತ್ತೆ ಮತ್ತೆ ಹೇಳಿಕೊಂಡಿದ್ದ, ನಮಾಜಿನ ಮಾತುಗಳಷ್ಟು ಬಾಯಿಪಾಠ ಆಗುವವರೆಗೆ. ಹುಡುಗಿ ಪೆನ್ನು ಹಿಡಿದು ಕಾಯುತ್ತಿದ್ದಳು. ಒಂದೇ ಒಂದು ಅಂಕಿ ಆದರೂ ಸಾಕು ಎಂಬಂತೆ ಅವನ ಬಾಯನ್ನೇ ನೋಡುತ್ತಿದ್ದಳು.

“ಗಡಿಬಿಡಿ ಇಲ್ಲ,” ಎಂದಳು ಮೆತ್ತಗೆ. “ಇನ್ನೊಂದ್ಸಲ ಮೊದಲಿಂದ.”

“ಅಸದುಲ್ಲಾ!” ಆಫೀಸಿನ ಕಟ್ಟೆಯಿಂದ ಗುರುಸಂಗಪ್ಪ ಕೂಗಿದರು. “ಸಾಹೇಬ್ರು ನಿನ್ನ ಜೊತೆ ಒಂದು ಫೋಟೋ ಬೇಕಂತಾರ, ಬಾರೋ ಲಗೂನ!”

ಅವನು ಕಣ್ಣು ತೆರೆಯಲಿಲ್ಲ. ಎರಡೂ ಕೈಯಲ್ಲಿ ತಲೆ ಹಿಡಿದು, ಆ ಚೀಲವನ್ನು ಮತ್ತೆ ಹೆಗಲಿಗೇರಿಸಿ, ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ, ಗಾಜಿನ ಹತ್ತಿರ ಮುಖ ಒಯ್ದ. ತೊಂಬತ್ತೊಂದು, ಅಂದ. ಐವತ್ತಾರೂವರೆ, ಅಂದಿತು ಬಾಯಿ. ತೊಂಬತ್ತೆರಡು, ಅಂದ. ಐವತ್ತೈದು, ಅಂದಿತು.